ಸಭೆಯೊಳಗಿನ ಪಿಸುಮಾತು

“ಸದ್ದು! ಸದ್ದು! ಒಬ್ಬೊಬ್ಬರಾಗಿ ಮಾತನಾಡಿ!” ಅರಳಿಕಟ್ಟೆಯ ಪಂಚಾಯಿತಿಯಿಂದ ವಿಧಾನಸೌಧದವರೆಗೆ, ಅಧ್ಯಕ್ಷಪೀಠದಿಂದ ಹೊರಡುವ ಮಾತುಗಳಲ್ಲೆಲ್ಲ ಅತ್ಯಂತ ಪುರಾತನವಾದುದು ಬಹುಶಃ ಇದೇ ಇರಬೇಕು. ಇದನ್ನು ಯಾವ ಸಭೆಯೂ ಎಂದೂ ಪೂರ್ಣವಾಗಿ ಪಾಲಿಸಿದುದಿಲ್ಲ. ಮುಂದೆ ಭಾಷಣ ಸಾಗಿರುವಂತೆಯೇ ಹಿಂದಿನ ಬೆಂಚಿನಲ್ಲಿ ಮತ್ತೊಂದು ಸಭೆ ನಡೆದಿರುತ್ತದೆ. ಕಿಟಕಿಯ ಬಳಿ ಇಬ್ಬರು ತಲೆಗೆ ತಲೆ ತಾಗಿಸಿ ಕುಳಿತಿರುತ್ತಾರೆ. ಬಾಗಿಲಲ್ಲಿ ನಿಂತವರು ಕಣ್ಸನ್ನೆಯಲ್ಲಿಯೇ ಒಂದು ವ್ಯವಹಾರವನ್ನು ಮುಗಿಸಿರುತ್ತಾರೆ.

2020ರ ಮಾರ್ಚ್ ತಿಂಗಳ ಕಡೆಯ ವಾರದಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ, ಅಧ್ಯಕ್ಷರುಗಳ ಈ ಬಹುಕಾಲದ ಪ್ರಾರ್ಥನೆ ಇದ್ದಕ್ಕಿದ್ದಂತೆ ಫಲಿಸಿತು. ಸಭೆಗಳು ಪರದೆಯ ಮೇಲೆ ನಡೆಯತೊಡಗಿದುವು. ಒಬ್ಬರು ಮಾತನಾಡತೊಡಗಿದರೆಂದರೆ ಉಳಿದವರ ಬಾಯಿಗೆ ಯಂತ್ರವೇ ಬೀಗ ಹಾಕಿತು. ಗದ್ದಲವಿಲ್ಲ, ಗುಸುಗುಸು ಇಲ್ಲ. ಎಲ್ಲರೂ ತಮ್ಮ ತಮ್ಮ ಪುಟ್ಟ ಚೌಕಟ್ಟುಗಳಲ್ಲಿ ಗೋಡೆಗೆ ತೂಗುಹಾಕಿದ ಭಾವಚಿತ್ರಗಳಂತೆ ಕುಳಿತರು. ಅಧ್ಯಕ್ಷರು ಹಿಗ್ಗಬೇಕಾಗಿದ್ದಿತು. ಆದರೆ ಅಂಥ ಸಭೆಗಳಿಂದ ಎದ್ದವರ ಮುಖದಲ್ಲಿ ತೃಪ್ತಿ ಕಾಣಲಿಲ್ಲ. ಎಲ್ಲ ವಿಷಯಗಳೂ ಮುಗಿದಿದ್ದುವು; ಆದರೂ ನಡೆಯಬೇಕಾದ ಏನೋ ಒಂದು ನಡೆಯದೆ ಉಳಿದಿತ್ತು. ಆ ಏನೋ ಒಂದು ಯಾವುದೆಂಬುದನ್ನು ತಿಳಿಯಲು ದೊಡ್ಡ ಕಂಪೆನಿಗಳ ಮಹಡಿಗಳನ್ನು ಹತ್ತಬೇಕಾಗಿಲ್ಲ. ಚಿತ್ರದುರ್ಗ ಜಿಲ್ಲೆಯ ನಾಲ್ಕು ಊರುಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಸಾಕು.

ನಾಲ್ಕು ಊರು, ಒಂದು ಪರದೆ

ಏಳುಸುತ್ತಿನ ಕೋಟೆಯ ಬುಡದಲ್ಲಿರುವ ಚಿತ್ರದುರ್ಗ ಜಿಲ್ಲೆಯ ಕೇಂದ್ರ. ಹಿರಿಯೂರು ಅಲ್ಲಿಂದ ಬೆಂಗಳೂರಿನ ಹೆದ್ದಾರಿಯಲ್ಲಿ ಸುಮಾರು 40 ಕಿಲೋಮೀಟರ್. ಹೊಳಲ್ಕೆರೆ ನೈಋತ್ಯಕ್ಕೆ ಮೂವತ್ತು ಚಿಲ್ಲರೆ. ತೆಂಗು ಅಡಿಕೆಗಳ ಹೊಸದುರ್ಗ ಇನ್ನೂ ದಕ್ಷಿಣಕ್ಕೆ. ಜಿಲ್ಲಾ ಕೇಂದ್ರದಲ್ಲಿ ಒಂದು ಗಂಟೆಯ ಸಭೆ ಇದ್ದರೆ ಹೊಸದುರ್ಗದ ಅಧಿಕಾರಿಗೆ ಹೆಚ್ಚುಕಡಿಮೆ ಒಂದು ದಿನವೇ ಕಳೆಯುತ್ತದೆ. ಬೆಂಗಳೂರಿನಲ್ಲಿ ಸಭೆಯಾದರೆ ಇನ್ನೂರು ಕಿಲೋಮೀಟರಿನ ಹಾದಿ. ರಾಜಧಾನಿಯನ್ನು ಜಿಲ್ಲೆಗಳಿಗೂ ಜಿಲ್ಲೆಗಳನ್ನು ತಾಲ್ಲೂಕುಗಳಿಗೂ ಬೆಸೆಯುವ ಕೆಸ್ವಾನ್ ಎಂಬ ಸರಕಾರಿ ಜಾಲ ಬಂದಮೇಲೆ ಈ ಓಡಾಟದ ಬಹುಭಾಗ ತಪ್ಪಿತು. ಕಚೇರಿಗಳಲ್ಲಿ “ಇವತ್ತು ವಿ.ಸಿ. ಇದೆ” ಎಂದರೆ ವಿಡಿಯೋ ಸಂವಾದವೆಂದು ಈಗ ಜವಾನರಿಗೂ ಗೊತ್ತು. ಉಳಿದ ಹಣ, ಉಳಿದ ಹೊತ್ತು ಸಣ್ಣದಲ್ಲ. ಈ ಅನುಕೂಲವನ್ನು ಬಿಟ್ಟುಬಿಡಬೇಕೆಂದು ಯಾರೂ ಹೇಳಲಾರರು.

ಆದರೆ ಹಳೆಯ ಬಗೆಯ ಸಭೆಗೆ ಹೊರಟ ಮನುಷ್ಯ ತನ್ನೊಡನೆ ಕಡತವನ್ನು ಮಾತ್ರ ಒಯ್ಯುತ್ತಿರಲಿಲ್ಲ. ಹೊಳಲ್ಕೆರೆಯವರು ಹಿರಿಯೂರಿನವರ ಪಕ್ಕದಲ್ಲಿ ಕೂರುತ್ತಿದ್ದರು. ಮೇಲಿನವರು ಒಂದು ಅಂಕಿಯನ್ನು ಓದಿದಾಗ, “ಅದು ಹೋದ ವರ್ಷದ್ದು, ಹೇಳಿಬಿಡಲೇ ಸಾರ್?” “ಈಗ ಬೇಡ, ಊಟದ ಹೊತ್ತಿಗೆ ಹೇಳು” ಎಂಬ ಎರಡು ಮಾತುಗಳು ತುಟಿ ಅಲುಗದಂತೆ ನಡೆದುಹೋಗುತ್ತಿದ್ದುವು. ಒಂದು ತಪ್ಪು ತಿದ್ದುಪಾಟಾಯಿತು. ಯಾರ ಮಾನವೂ ಹೋಗಲಿಲ್ಲ. ಇದೇ ತಿದ್ದುಪಡಿಯನ್ನು ವಿ.ಸಿ.ಯಲ್ಲಿ ಮಾಡಬೇಕಾದರೆ ಇಡೀ ಜಿಲ್ಲೆ ಕೇಳುವಂತೆ ಗಂಟಲೆತ್ತಿ ಮಾಡಬೇಕು. ಅಷ್ಟು ಎದೆಗಾರಿಕೆ ಯಾರಿಗಿದೆ? ಆದುದರಿಂದ ತಪ್ಪು ಅಂಕಿ ನಡವಳಿ ಪುಸ್ತಕಕ್ಕೆ ಸೇರಿಬಿಡುತ್ತದೆ.

ಇನ್ನೊಂದು ಸಂಗತಿ ಉಂಟು. ಹೊಳಲ್ಕೆರೆ ಹೊಸದುರ್ಗಗಳ ತಾಂಡಾಗಳಲ್ಲಿ ಮನೆಮಾತು ಲಂಬಾಣಿ, ಹಿರಿಯೂರಿನ ಹಲವು ಹಳ್ಳಿಗಳಲ್ಲಿ ತೆಲುಗು, ಪೇಟೆಗಳಲ್ಲಿ ಉರ್ದು. ಸಭೆಯ ಕನ್ನಡವಾದರೋ ಇವು ಯಾವುದೂ ಅಲ್ಲ, ಹಳ್ಳಿಯ ಕನ್ನಡವೂ ಅಲ್ಲ. “ಕ್ರಿಯಾಯೋಜನೆ”, “ಅಂದಾಜುಪಟ್ಟಿ”, “ಅನುಪಾಲನಾ ವರದಿ”ಗಳ ಕನ್ನಡ. ಮೊದಲ ಬಾರಿಗೆ ಪಂಚಾಯಿತಿಗೆ ಬಂದ ಹೆಣ್ಣುಮಗಳಿಗೆ ಅದರ ಅರ್ಥ ತಿಳಿಯುವುದು ಅಧ್ಯಕ್ಷರ ವಿವರಣೆಯಿಂದಲ್ಲ. ಪಕ್ಕದವಳ ಮೊಣಕೈ ತಿವಿದು, “ಅಕ್ಕಾ, ಹಂಗಂದ್ರೇನು?” ಎಂದು ಕೇಳುವುದರಿಂದ. ಆ ಅಕ್ಕ ಎರಡು ಮಾತಿನಲ್ಲಿ ತಿಳಿಸುತ್ತಾಳೆ. ಸಭೆಗೆ ಇದು ಗದ್ದಲ. ಕೇಳಿದವಳಿಗೆ ಇದೇ ಸಭೆ.

ಮಾರಿಕಣಿವೆಯ ಮೊಗಸಾಲೆ

ಪಕ್ಕದ ಮಾತಿನ ಬೆಲೆಯನ್ನು ತೂಗಿ ನೋಡಬೇಕೆಂದರೆ ಹಿರಿಯೂರಿನ ಬಳಿಯ ಮಾರಿಕಣಿವೆಗಿಂತ ತಕ್ಕ ಸ್ಥಳವಿಲ್ಲ. ವೇದಾವತಿಗೆ ಅಡ್ಡಲಾಗಿ ಮೈಸೂರು ಅರಸರ ಕಾಲದಲ್ಲಿ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರಕ್ಕೆ ಒಂದು ವಿಚಿತ್ರವಿದೆ. ಅದರ ಕಾಲುವೆಗಳು ನೀರುಣಿಸುವ ಸುಮಾರು 30,000 ಎಕರೆ ಅಚ್ಚುಕಟ್ಟು ಹಿರಿಯೂರಿನ ಕಡೆಗೆ. ಕಟ್ಟೆಯ ಹಿಂದೆ ಹಿನ್ನೀರು ಹರಡುವುದು ಹೊಸದುರ್ಗದ ಕಡೆಗೆ. ಕೆಳಗಿನವರಿಗೆ ಕಟ್ಟೆ ತುಂಬಿದಷ್ಟೂ ಸಂತೋಷ; ಮೇಲಿನವರಿಗೆ ತುಂಬಿದಷ್ಟೂ ತೋಟದ ಭಯ.

1933ರಲ್ಲಿ ತುಂಬಿ ಹರಿದ ಈ ಜಲಾಶಯ ಮತ್ತೆ ಕೋಡಿ ಬಿದ್ದುದು 2022ರ ಸೆಪ್ಟೆಂಬರಿನಲ್ಲಿ, ಎಂಭತ್ತೊಂಭತ್ತು ವರ್ಷಗಳ ತರುವಾಯ. 130 ಅಡಿಯ ಗುರುತನ್ನು ನೀರು ಮುಟ್ಟುವುದನ್ನು ಕಾಣದೆಯೇ ಎರಡು ಮೂರು ತಲೆಮಾರುಗಳು ಕಳೆದಿದ್ದುವು. ಹಿರಿಯೂರಿನಲ್ಲಿ ಜನ ಸಾಲುಗಟ್ಟಿ ಕೋಡಿ ನೋಡಲು ಹೋದರು. ಹೊಸದುರ್ಗದ ಹಿನ್ನೀರಿನ ಹಳ್ಳಿಗಳಲ್ಲಿ ತೋಟಗಳೂ ದಾರಿಗಳೂ ನೀರಿನಲ್ಲಿ ನಿಂತುವು. 2025ರ ಜನವರಿಯಲ್ಲಿ ಮತ್ತೊಮ್ಮೆ ಕೋಡಿ ಹರಿಯಿತು.

ಇಂಥ ನೀರಿನ ವಿಷಯ ಸಭೆಗೆ ಬಂದರೆ, ಎದ್ದುನಿಂತು ಹೇಳುವ ಮಾತು ಒಂದು, ಕುಳಿತು ಹೇಳುವ ಮಾತು ಇನ್ನೊಂದು. ಎದ್ದುನಿಂತವನು ತನ್ನ ತಾಲ್ಲೂಕಿನ ಪ್ರತಿನಿಧಿ. ಒಂದು ಅಂಗುಲವನ್ನೂ ಬಿಟ್ಟುಕೊಡಲಾರ, ಬಿಟ್ಟುಕೊಟ್ಟರೆ ಊರಿಗೆ ಹೋಗಿ ಮುಖ ತೋರಿಸಲಾರ. ಅದೇ ಮನುಷ್ಯ ಮೊಗಸಾಲೆಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಾ ಎದುರು ಪಕ್ಷದವನನ್ನು ಕೇಳುತ್ತಾನೆ: “ಅಲ್ಲಪ್ಪಾ, ನಿಮ್ಮ ಕಡೆ ನಿಜವಾಗಿ ಎಷ್ಟು ಎಕರೆ ಮುಳುಗಿದೆ?” ಭಾಷಣದಲ್ಲಿ ಸಾವಿರವಿದ್ದುದು ಅಲ್ಲಿ ನೂರಕ್ಕೆ ಇಳಿಯಬಹುದು, ಅಥವಾ ಭಾಷಣದಲ್ಲಿ ಬಾರದೇ ಹೋದ ಒಬ್ಬ ಬಡವನ ಎರಡೆಕರೆ ಅಲ್ಲಿ ಬಾಯಿಗೆ ಬರಬಹುದು. ಈ ನಾಡಿನಲ್ಲಿ ನೀರಿನ ರಾಜಿಗಳು ಆಗಿರುವುದು ಬಹುಮಟ್ಟಿಗೆ ಹೀಗೆಯೇ. ಪರದೆಯ ಸಭೆಗೆ ಮೊಗಸಾಲೆಯಿಲ್ಲ. ಅಲ್ಲಿ ಎಲ್ಲರೂ ಯಾವಾಗಲೂ ಎದ್ದೇ ನಿಂತಿರುತ್ತಾರೆ.

ಅರ್ಧ ಜನ ಸಭಾಂಗಣದಲ್ಲಿ, ಇನ್ನರ್ಧ ಪರದೆಯಲ್ಲಿ ಇರುವ ಮಿಶ್ರಸಭೆಯಂತೂ ಇನ್ನೂ ಇಕ್ಕಟ್ಟಿನದು. ಚಿತ್ರದುರ್ಗದಲ್ಲಿ ಕುಳಿತವರಿಗೆ ಪಿಸುಮಾತು ಉಂಟು, ಹೊಸದುರ್ಗದಲ್ಲಿ ಪರದೆಯ ಮುಂದೆ ಕುಳಿತವನಿಗೆ ಇಲ್ಲ. ಅವನಿಗೆ ತುಟಿಗಳು ಅಲುಗುವುದು ಕಾಣಿಸುತ್ತದೆ, ನಗೆ ಕಾಣಿಸುತ್ತದೆ, ಮಾತು ಕೇಳಿಸುವುದಿಲ್ಲ. ಮದುವೆಮನೆಯ ಊಟವನ್ನು ಕಿಟಕಿಯಿಂದ ನೋಡಿದಂತೆ.

ಮೈಸೂರಿನಿಂದ ಬಂದ ಚಿತ್ರ

ಆಶ್ಚರ್ಯದ ಮಾತೆಂದರೆ, ದೂರದ ಸಭೆಯಲ್ಲಿ ಪಕ್ಕದ ಮಾತಿಗೆ ಎಡೆಮಾಡಿಕೊಡುವ ವಿದ್ಯೆ ಕರ್ನಾಟಕಕ್ಕೆ ಹೊಸದಲ್ಲ. ಜೂಮ್ ಮೊದಲಾದ ಹೆಸರುಗಳನ್ನು ಯಾರೂ ಕೇಳುವುದಕ್ಕೆ ಮುಂಚೆಯೇ ತಾಲ್ಲೂಕು ತಾಲ್ಲೂಕುಗಳಲ್ಲಿ ಅದು ಆಚರಣೆಗೆ ಬಂದಿದ್ದಿತು.

1987ರ ಚುನಾವಣೆಯಲ್ಲಿ ಕರ್ನಾಟಕದ ಮಂಡಲ ಪಂಚಾಯಿತಿಗಳಿಗೆ ಮಹಿಳೆಯರು ನೂರಕ್ಕೆ ಇಪ್ಪತ್ತೈದರ ಮೀಸಲಾತಿಯಿಂದ ಬಂದರು. 1993ರ ಪಂಚಾಯತ್ ರಾಜ್ ಕಾಯಿದೆ ಅದನ್ನು ಮೂರರಲ್ಲಿ ಒಂದು ಪಾಲಿಗೆ ಏರಿಸಿತು. 2010ರಲ್ಲಿ ಅದು ಅರ್ಧಕ್ಕೆ ಏರಿತು. ಸಾವಿರಾರು ಮಂದಿ, ಬಹುಪಾಲು ಹೊಸಬರು; ಇವರಿಗೆಲ್ಲ ಕಾಯಿದೆ, ಲೆಕ್ಕಪತ್ರ, ಗ್ರಾಮಸಭೆಗಳ ಪಾಠ ಹೇಳುವವರು ಯಾರು? ಎಲ್ಲರನ್ನೂ ಮೈಸೂರಿಗೆ ಕರೆಸಿ ಕಲಿಸುವುದು ಸಾಧ್ಯವಿರಲಿಲ್ಲ. 1990ರ ದಶಕದ ನಡುವಿನಲ್ಲಿ ಇಸ್ರೋ ಸಂಸ್ಥೆಯ ನೆರವಿನಿಂದ ಉಪಗ್ರಹದ ಮೂಲಕ ಮಹಿಳಾ ಸದಸ್ಯರಿಗೆ ತರಬೇತಿ ನೀಡುವ ಪ್ರಯೋಗ ನಡೆಯಿತು. ಈ ಶತಮಾನದ ಮೊದಲ ದಶಕದಲ್ಲಿ ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆ ಅದನ್ನು ಒಂದು ವ್ಯವಸ್ಥೆಯನ್ನಾಗಿ ಬೆಳೆಸಿತು. ಹಳ್ಳಿಹಳ್ಳಿಗೆ ಕೊಳವೆಬಾವಿ ತೋಡಿಸಿ “ನೀರ್ ಸಾಬ್” ಎನಿಸಿಕೊಂಡು 1988ರಲ್ಲಿ ತೀರಿಕೊಂಡ ಸಚಿವರ ಹೆಸರನ್ನು ಹೊತ್ತ ಸಂಸ್ಥೆ ಅದು.

ವ್ಯವಸ್ಥೆ ಸರಳವಾಗಿತ್ತು. ಮೈಸೂರಿನ ಸ್ಟುಡಿಯೋದಿಂದ ಚಿತ್ರ ಮತ್ತು ಧ್ವನಿ ಮೇಲಕ್ಕೆ ಹೋಗಿ, ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹದಿಂದ ಇಳಿದು, ತಾಲ್ಲೂಕು ಪಂಚಾಯಿತಿಯ ತರಬೇತಿ ಕೇಂದ್ರದ ದೂರದರ್ಶನ ಪೆಟ್ಟಿಗೆಗೆ ಬರುತ್ತಿತ್ತು. ಈ ಕೇಂದ್ರಗಳಿಗೆ “ಸಾಮರ್ಥ್ಯ ಸೌಧ” ಎಂಬ ಹೆಸರು ಬಂದಿತು. ತಾಲ್ಲೂಕಿನಿಂದ ಮೈಸೂರಿಗೆ ಚಿತ್ರ ಹೋಗುತ್ತಿರಲಿಲ್ಲ. ಪ್ರಶ್ನೆಯಿದ್ದವರು ದೂರವಾಣಿಯಲ್ಲಿ ಕೇಳಬೇಕು, ಉತ್ತರ ಪರದೆಯ ಮೇಲೆ ಬರಬೇಕು. ಇಂದಿನ ಕಣ್ಣಿಗೆ ಇದು ಕುಂಟು ಯಂತ್ರ. ಆದರೆ ಇದರಲ್ಲಿ ಒಂದು ಜಾಣತನ ಅಡಗಿದ್ದಿತು. ಪರದೆ ಇಡೀ ಹೊತ್ತು ಮಾತನಾಡುತ್ತಿರಲಿಲ್ಲ. ಒಂದು ಚಿತ್ರವನ್ನು ತೋರಿಸಿ ಅದು ಸುಮ್ಮನಾಗುತ್ತಿತ್ತು. ಆಗ ಕೊಠಡಿಯಲ್ಲಿದ್ದ ಸಂಪನ್ಮೂಲ ವ್ಯಕ್ತಿಗಳು ಸದಸ್ಯರನ್ನು ಚಿಕ್ಕ ಚಿಕ್ಕ ಗುಂಪು ಮಾಡಿ ಕೂರಿಸಿ ಮಾತಿಗೆ ಬಿಡುತ್ತಿದ್ದರು. ಆ ಮಾತು ಒಂದು ಹದಕ್ಕೆ ಬಂದಮೇಲೆಯೇ ಮತ್ತೆ ಮೈಸೂರು.

ಹೀಗಾಗಿ ಫೋನಿನಲ್ಲಿ ಪ್ರಶ್ನೆ ಕೇಳಲು ಎದ್ದ ಹೆಣ್ಣುಮಗಳು ಆ ಪ್ರಶ್ನೆಯನ್ನು ಒಬ್ಬಳೇ ಹೊತ್ತು ಬಂದವಳಲ್ಲ. ಅದು ಮೊದಲು ಪಕ್ಕದವಳ ಕಿವಿಗೆ ಬಿದ್ದು, “ಅಯ್ಯೋ, ನಮ್ಮೂರಲ್ಲೂ ಹಂಗೇ ಕಣಕ್ಕ” ಎನ್ನಿಸಿಕೊಂಡು, ನಾಲ್ಕು ಬಾಯಿಗಳಲ್ಲಿ ತಿರುಗಿ, ಮೂಲೆಗಳು ಸವೆದು, ಕೊನೆಗೆ ಮೈಸೂರಿಗೆ ಹೋದ ಪ್ರಶ್ನೆ. ಕೇಳುವವಳ ಬೆನ್ನ ಹಿಂದೆ ನಾಲ್ಕು ಮಂದಿ ನಿಂತಿರುತ್ತಿದ್ದರು. ಪಿಸುಮಾತು ಗಟ್ಟಿಮಾತಾಗುವ ದಾರಿ ಇದು.

2020ರಲ್ಲಿ ತಂತ್ರ ಹಲವು ಪಟ್ಟು ಸುಧಾರಿಸಿದ್ದಿತು. ಪ್ರತಿಯೊಬ್ಬರ ಮುಖವೂ ಪ್ರತಿಯೊಬ್ಬರಿಗೂ ಕಾಣುವಂತಾಯಿತು. ಆದರೆ ಪ್ರತಿಯೊಬ್ಬರೂ ಒಬ್ಬೊಬ್ಬರೇ ಆದರು. ಶಾಲಾಮಕ್ಕಳ ವಿಷಯದಲ್ಲಿ ಸರಕಾರಕ್ಕೆ ಇದು ಬೇಗ ತಿಳಿಯಿತೆನ್ನಬೇಕು. ಅದೇ ವರ್ಷದ ಮಳೆಗಾಲದಲ್ಲಿ ಆರಂಭಿಸಿದ “ವಿದ್ಯಾಗಮ” ಯೋಜನೆಯಲ್ಲಿ ಉಪಾಧ್ಯಾಯರೇ ಊರೊಳಗೆ ಬಂದು ಗುಡಿಯ ಜಗಲಿ, ಮರದ ನೆರಳುಗಳಲ್ಲಿ ಮಕ್ಕಳನ್ನು ಗುಂಪುಗುಂಪಾಗಿ ಕೂರಿಸಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೂ ಆ ಕೆಲವು ವಾರಗಳ ಮಟ್ಟಿಗೆ ಮಕ್ಕಳಿಗೆ ಪಕ್ಕದವನ ಸ್ಲೇಟು ನೋಡುವ ಭಾಗ್ಯ ಮರಳಿ ಬಂದಿದ್ದಿತು.

ಎರಡು ಕಿವಿಗಳ ಮಹಿಮೆ

ಪರದೆಯ ಮೇಲೆ ಪಿಸುಮಾತು ಸಾಯುವುದೇಕೆ? ಉತ್ತರ ಬಹುಮಟ್ಟಿಗೆ ಕಿವಿಗಳಲ್ಲಿದೆ. 1953ರಲ್ಲಿ ಕಾಲಿನ್ ಚೆರ್ರಿ ಎಂಬ ಆಂಗ್ಲ ವಿಜ್ಞಾನಿ ಒಂದು ಹಳೆಯ ಸೋಜಿಗವನ್ನು ಪರೀಕ್ಷೆಗೆ ಒಡ್ಡಿದರು. ಹತ್ತಾರು ಮಂದಿ ಏಕಕಾಲಕ್ಕೆ ಮಾತನಾಡುತ್ತಿರುವ ಕೊಠಡಿಯಲ್ಲಿಯೂ ಮನುಷ್ಯ ತನಗೆ ಬೇಕಾದ ಒಂದು ಧ್ವನಿಯನ್ನು ಹೆಕ್ಕಿಕೊಂಡು ಕೇಳಬಲ್ಲ. ಜಾತ್ರೆಯ ಗದ್ದಲದಲ್ಲಿ ತಾಯಿ ತನ್ನ ಮಗುವಿನ ಕೂಗನ್ನು ಗುರುತಿಸುವುದಿಲ್ಲವೇ? ಇದಕ್ಕೆ ಬಹಳ ನೆರವಾಗುವುದು ಎರಡು ಕಿವಿಗಳು. ಬಲದಿಂದ ಬಂದ ಮಾತು ಬಲಗಿವಿಗೆ ತುಸು ಮುಂಚೆ, ತುಸು ಜೋರಾಗಿ ತಲಪುತ್ತದೆ; ಅಷ್ಟರಿಂದಲೇ ಮೆದುಳು ಅದರ ದಿಕ್ಕನ್ನು ಹಿಡಿದು ಉಳಿದ ದಿಕ್ಕುಗಳನ್ನು ಹಿಂದಕ್ಕೆ ತಳ್ಳುತ್ತದೆ. ಸಾಧಾರಣವಾದ ವಿಡಿಯೋ ಸಂವಾದದಲ್ಲಿ ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ ಎಲ್ಲವೂ ಒಂದೇ ಪೆಟ್ಟಿಗೆಯಿಂದ, ಒಂದೇ ದಿಕ್ಕಿನಿಂದ ಬರುತ್ತವೆ. ಇಬ್ಬರು ಒಟ್ಟಿಗೆ ಮಾತನಾಡಿದರೆ ಇಬ್ಬರ ಮಾತೂ ಕೆಡುತ್ತದೆ. ಸಾಲದೆಂಬಂತೆ, ಯಂತ್ರವು ಹಿನ್ನೆಲೆಯ ಸಣ್ಣ ಧ್ವನಿಯನ್ನು ಗದ್ದಲವೆಂದು ಬಗೆದು ಅಳಿಸಿಬಿಡುತ್ತದೆ. ಪಿಸುಮಾತಿನ ಗತಿ ಏನಾಗಬೇಕು?

ಕಣ್ಣಿನದು ಇನ್ನೊಂದು ತೊಡಕು. ಪಕ್ಕದ ಮಾತು ಆರಂಭವಾಗುವುದು ನೋಟದಿಂದ. ಪರದೆಯಲ್ಲಿ ಯಾರು ಯಾರನ್ನು ನೋಡುತ್ತಿದ್ದಾರೆಂಬುದು ಯಾರಿಗೂ ತಿಳಿಯದು. ಎಲ್ಲರೂ ಎಲ್ಲರನ್ನೂ, ಅಥವಾ ತಮ್ಮ ತಮ್ಮ ಮುಖವನ್ನೇ, ನೋಡುತ್ತಿರುತ್ತಾರೆ.

ಇದಕ್ಕೆ ಪರಿಹಾರವನ್ನು ಮೂವತ್ತು ವರ್ಷಗಳಿಗೂ ಹಿಂದೆಯೇ ಒಬ್ಬರು ಮಾಡಿ ತೋರಿಸಿದ್ದರು ಎಂದರೆ ನಂಬುವುದು ಕಷ್ಟ. ಕೆನಡಾದ ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಬಿಲ್ ಬಕ್ಸ್‌ಟನ್ ಮತ್ತು ಅಬಿಗೈಲ್ ಸೆಲೆನ್ ಮೊದಲಾದವರು 1990ರ ದಶಕದ ಆರಂಭದಲ್ಲಿ “ಹೈಡ್ರಾ” ಎಂಬ ಸಾಧನವನ್ನು ರಚಿಸಿದರು. ಗ್ರೀಕ್ ಪುರಾಣದ ಹಲವು ತಲೆಯ ಸರ್ಪದ ಹೆಸರು. ಕನ್ನಡಿಗರಾಗಿದ್ದರೆ ದಶಕಂಠನೆಂದೇ ಕರೆಯುತ್ತಿದ್ದರೇನೋ. ನಾಲ್ವರ ಸಭೆಯೆಂದರೆ ಪ್ರತಿಯೊಬ್ಬರ ಮೇಜಿನ ಮೇಲೂ ಮೂರು ಪುಟ್ಟ ಪೆಟ್ಟಿಗೆಗಳು, ಬಾರದಿರುವ ಮೂವರ ಜಾಗದಲ್ಲಿ. ಒಂದೊಂದರಲ್ಲಿಯೂ ಪ್ರತ್ಯೇಕವಾದ ಪರದೆ, ಪ್ರತ್ಯೇಕವಾದ ಕ್ಯಾಮರಾ, ಪ್ರತ್ಯೇಕವಾದ ಧ್ವನಿವರ್ಧಕ. ಒಬ್ಬನೊಡನೆ ಗುಟ್ಟಾಡಬೇಕಾದರೆ ಅವನ ಪೆಟ್ಟಿಗೆಯ ಕಡೆ ಬಾಗಿ ಮೆಲ್ಲಗೆ ಹೇಳಿದರಾಯಿತು. ಉಳಿದಿಬ್ಬರಿಗೆ ತಲೆ ತಿರುಗಿಸಿದುದು ಕಾಣುತ್ತದೆ, ಮಾತು ಕೇಳುವುದಿಲ್ಲ. ಸೆಲೆನ್ 1992ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, ಒಂದೇ ಪರದೆಯಲ್ಲಿ ಎಲ್ಲ ಮುಖಗಳನ್ನೂ ಕೂರಿಸಿದ್ದ ವ್ಯವಸ್ಥೆಯಲ್ಲಿ ಹುಟ್ಟದ ಪಕ್ಕದ ಮಾತುಗಳು ಹೈಡ್ರಾದಲ್ಲಿ ತಾವಾಗಿ ಹುಟ್ಟಿಕೊಂಡುವು. ಆದರೆ ಜಗತ್ತು ಆ ದಾರಿ ಹಿಡಿಯಲಿಲ್ಲ. ಒಂದು ಪರದೆ ಅಗ್ಗ, ಮೂರು ಪರದೆ ದುಬಾರಿ.

ಮಾತಿನ ಗುಂಪಿಗೆ ಒಂದು ಸಹಜವಾದ ಅಳತೆಯೂ ಇದೆಯಂತೆ. ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು ತಾವಾಗಿ ಸೇರುವ ಜನರ ಹರಟೆಗಳನ್ನು ಗಮನಿಸಿ 1995ರಲ್ಲಿ ಬರೆದುದರ ತಾತ್ಪರ್ಯ ಇಷ್ಟು: ಒಂದು ಸಂಭಾಷಣೆ ಸುಮಾರು ನಾಲ್ಕು ಮಂದಿಯನ್ನು ಮಾತ್ರ ತಾಳಬಲ್ಲದು, ಐದನೆಯವನು ಬಂದೊಡನೆ ಅದು ಒಡೆದು ಎರಡಾಗುವ ಹವಣಿಕೆ ತೋರಿಸುತ್ತದೆ. ಹಳ್ಳಿಯ ಕಟ್ಟೆಯ ಮೇಲೆ ಇದನ್ನು ಯಾರಾದರೂ ಒಂದು ಸಂಜೆ ಕುಳಿತು ಎಣಿಸಬಹುದು. ಮೂವತ್ತು ಮಂದಿಯನ್ನು ಕಲೆಹಾಕಿ ಒಂದೇ ಮಾತನ್ನು ನಡೆಸುತ್ತೇವೆಂಬ ವಿ.ಸಿ.ಯ ಹಟ, ಹಾಗೆ ನೋಡಿದರೆ, ಮನುಷ್ಯಸ್ವಭಾವದೊಡನೆ ಹೂಡಿದ ಜಗಳ.

ಪಕ್ಕದಲ್ಲಿ ನಿಂತ ಪತಿ

ಪಿಸುಮಾತೆಲ್ಲವೂ ಅಮೃತವೆಂದು ಭ್ರಮಿಸಬೇಕಾಗಿಲ್ಲ. ಪಂಚಾಯಿತಿಯ ಮಾತೆತ್ತಿದರೆ ಅದರ ಕಹಿಯೂ ನೆನಪಿಗೆ ಬರುತ್ತದೆ. ಚುನಾಯಿತಳಾದವಳು ಹೆಂಡತಿ, ಆಡಳಿತ ನಡೆಸುವವನು ಗಂಡ ಎಂಬ ಪರಿಸ್ಥಿತಿ ಮೀಸಲಾತಿಯಷ್ಟೇ ಹಳೆಯದು. ಸಭೆಯಲ್ಲಿ ಹೆಂಡತಿಯ ಕುರ್ಚಿಯ ಹಿಂದೆ ನಿಂತು ಕಿವಿಯಲ್ಲಿ ಊದುವ ಪತಿಯನ್ನು “ದಯವಿಟ್ಟು ಹೊರಗಿರಿ” ಎಂದು ಕಳುಹಿಸುವ ಅಧಿಕಾರ ಅಧ್ಯಕ್ಷರಿಗಿದೆ. ಧೈರ್ಯವಿದ್ದವರು ಕಳುಹಿಸಿಯೂ ಇದ್ದಾರೆ. ಪರದೆಯ ಸಭೆಯಲ್ಲಿ ಆ ಪತಿಯನ್ನು ಕಾಣುವವರು ಯಾರು? ಕ್ಯಾಮರಾದ ಅಂಚಿನಾಚೆ ಒಂದಡಿ ದೂರದಲ್ಲಿ ನಿಂತರೆ ಸಾಕು. ಆಕೆಯ ಕಣ್ಣು ಮಾತಿಗೊಮ್ಮೆ ಪಕ್ಕಕ್ಕೆ ಹೊರಳುವುದನ್ನು ಕಂಡು ಊಹಿಸಬೇಕಷ್ಟೆ.

ಅಂದರೆ ಮನೆಯಲ್ಲಿ ಒಂಟಿಯಾಗಿ ಫೋನ್ ಹಿಡಿದು ಕುಳಿತವಳಿಗೆ ನೆರವಾಗುವ ಪಿಸುಮಾತು ತಪ್ಪಿ, ಆಳುವ ಪಿಸುಮಾತು ಉಳಿಯಿತು. ತಾಲ್ಲೂಕು ಕೇಂದ್ರದ ಕೊಠಡಿ ಇದಕ್ಕೆ ಪೂರ್ತಿ ಮದ್ದಲ್ಲದಿದ್ದರೂ ಒಂದು ತಡೆ. ಅಲ್ಲಿ ಆಕೆಯ ಎಡಬಲಗಳಲ್ಲಿ ಇರುವವರು ಬೇರೆ ಪಂಚಾಯಿತಿಯ ಹೆಂಗಸರು. ಪತಿ ಬಾಗಿಲಾಚೆ ಮೋಟಾರ್‌ಸೈಕಲಿನ ಮೇಲೆ ಕುಳಿತಿರಬೇಕು.

ಬರೆಯುವ ಪಿಸುಮಾತಿನದು ಬೇರೊಂದು ಕಥೆ. ಸಭೆ ನಡೆದಂತೆಯೇ ಬದಿಯಲ್ಲಿ ಬರೆದು ಕಳುಹಿಸುವ ಸಂದೇಶಗಳ ಬಗ್ಗೆ ಮೈಕ್ರೋಸಾಫ್ಟ್ ಸಂಸ್ಥೆಯ ಸಂಶೋಧಕರು ತಮ್ಮ ನೌಕರರ ಅನುಭವವನ್ನು ಕೇಳಿ 2021ರಲ್ಲಿ ಒಂದು ವರದಿ ಪ್ರಕಟಿಸಿದರು. ಮಾತಿನ ನಡುವೆ ಬಾಯಿಹಾಕಲು ಸಂಕೋಚಪಡುವವರಿಗೆ ಅದು ಬಾಗಿಲಾಯಿತು. ಅದೇ ಸಮಯದಲ್ಲಿ ಗಮನವನ್ನೂ ಸೀಳಿತು. ನಮ್ಮಲ್ಲಿ ಆ ಕೆಲಸವನ್ನು ಹೆಚ್ಚಾಗಿ ವಾಟ್ಸ್ಆ್ಯಪ್ ಮಾಡುತ್ತದೆ. ಎದುರಿನ ಪರದೆಯಲ್ಲಿ ಸಾಹೇಬರ ವಿ.ಸಿ., ಮೇಜಿನ ಕೆಳಗೆ ಅಂಗೈಯಲ್ಲಿ ಮತ್ತೊಂದು ಸಭೆ. ಆದರೆ ಆಡಿದ ಪಿಸುಮಾತು ಗಾಳಿಗೆ ಹೋಗುತ್ತದೆ, ಬರೆದ ಪಿಸುಮಾತು ಉಳಿಯುತ್ತದೆ. ಒಬ್ಬರಿಗೆ ಕಳುಹಿಸಬೇಕಾದುದು ಬೆರಳು ತಪ್ಪಿ ಎಲ್ಲರಿಗೂ ಹೋದರೆ ಆಮೇಲೆ ಬಗೆಹರಿಯದ ವೈಮನಸ್ಯ. ಮೇಲಾಗಿ, ಬೆರಳ ತುದಿಯಲ್ಲಿ ಬೇಗ ಬೇಗ ಕನ್ನಡ ಬರೆಯಬಲ್ಲವರಿಗೆ ಮಾತ್ರ ಈ ದಾರಿ ತೆರೆದಿರುವುದು. ಅರ್ಥ ಕೇಳಬೇಕಾಗಿದ್ದವಳು ಅವರಲ್ಲಿ ಇರುವುದು ಅಪರೂಪ.

ವಕೀಲರ ಕಿವಿ

ಪಂಚಾಯಿತಿಯ ಸಭೆಯಲ್ಲಿ ಪಿಸುಮಾತು ತಪ್ಪಿದರೆ ಒಂದು ಚರಂಡಿಯೋ ಒಂದು ಬೀದಿದೀಪವೋ ತಪ್ಪೀತು. ನ್ಯಾಯಾಲಯದಲ್ಲಿ ತಪ್ಪಿದರೆ ಮನುಷ್ಯನ ಬಿಡುಗಡೆಯೇ ತಪ್ಪೀತು. ಸೆರೆಮನೆಯಲ್ಲಿರುವ ಆರೋಪಿಯನ್ನು ನ್ಯಾಯಾಧೀಶರ ಮುಂದೆ ಖುದ್ದು ತಾರದೆ, ವಿಡಿಯೋ ಮೂಲಕ ಹಾಜರುಪಡಿಸಿ ನ್ಯಾಯಾಂಗ ಬಂಧನವನ್ನು ಮುಂದುವರಿಸಲು 2008ರ ತಿದ್ದುಪಡಿಯಿಂದ ಕಾನೂನಿನಲ್ಲಿ ಅವಕಾಶವಾಯಿತು. 2020ರ ನಂತರ ವಿಚಾರಣೆಗಳು ಹೇರಳವಾಗಿ ಪರದೆಗೆ ಬಂದುವು. ತೆರೆದ ನ್ಯಾಯಾಲಯದಲ್ಲಿ ಕಕ್ಷಿಗಾರ ವಕೀಲರ ಹಿಂದೆಯೇ ನಿಂತು, “ಸ್ವಾಮೀ, ಆ ದಿವಸ ನಾನು ಊರಲ್ಲೇ ಇರಲಿಲ್ಲ” ಎಂದು ಕಿವಿಯಲ್ಲಿ ಹೇಳಬಲ್ಲ. ಪರದೆಯಲ್ಲಿರುವವನು ಹಾಗೆ ಹೇಳಹೊರಟರೆ ನ್ಯಾಯಾಧೀಶರಿಗೂ ಎದುರು ವಕೀಲರಿಗೂ ಒಟ್ಟಿಗೆ ಹೇಳಿದಂತಾಗುತ್ತದೆ.

ಇಲ್ಲಿ ನ್ಯಾಯಾಂಗ ಎಚ್ಚರಿಕೆ ತೋರಿತೆನ್ನಬೇಕು. ತನಗೆ ಬೇಕಾದ ವಕೀಲರೊಡನೆ ಸಮಾಲೋಚಿಸುವ ಹಕ್ಕನ್ನು ಸಂವಿಧಾನದ 22ನೆಯ ಅನುಚ್ಛೇದ ಬಂಧಿತನಿಗೆ ಕೊಟ್ಟಿದೆ. ಸುಪ್ರೀಂ ಕೋರ್ಟಿನ ಇ-ಸಮಿತಿ ವಿಡಿಯೋ ಸಂವಾದಕ್ಕಾಗಿ 2020ರಲ್ಲಿ ಸಿದ್ಧಪಡಿಸಿದ ಮಾದರಿ ನಿಯಮಗಳಲ್ಲಿ, ಸಂವಾದಕ್ಕೆ ಮೊದಲು, ಸಂವಾದದ ನಡುವೆ ಹಾಗೂ ಆಮೇಲೆ ಆರೋಪಿಗೆ ತನ್ನ ವಕೀಲರೊಡನೆ ಏಕಾಂತವಾಗಿ ಮಾತನಾಡುವ ಅವಕಾಶವಿರಬೇಕೆಂದು ಹೇಳಿದೆ. “ನಡುವೆ” ಎಂಬ ಪದವನ್ನು ಗಮನಿಸಬೇಕು. ಪಕ್ಕದ ಮಾತು ಸಭೆಗೆ ಭಂಗವಲ್ಲ, ಸಭೆಯ ಒಂದು ಅಂಗ ಎಂದು ಕಾನೂನು ಒಪ್ಪಿಕೊಂಡುದು ಆ ಒಂದು ಪದದಲ್ಲಿ. ಅದನ್ನು ಆಚರಣೆಗೆ ತರುವುದು ಸೆರೆಮನೆಯ ಕಡೆ ಇನ್ನೊಂದು ದೂರವಾಣಿ ಇದೆಯೇ, ಕಾವಲುಗಾರ ದೂರ ನಿಲ್ಲುತ್ತಾನೆಯೇ ಎಂಬುದನ್ನು ಅವಲಂಬಿಸಿದೆ.

ಕೊಠಡಿಯನ್ನು ಹೂಡುವ ಬಗೆ

ಯಂತ್ರ ಮಾಡುವವರೂ ಸುಮ್ಮನೆ ಕುಳಿತಿಲ್ಲ. ದೊಡ್ಡ ಸಭೆಯನ್ನು ಚಿಕ್ಕ ಕೊಠಡಿಗಳಾಗಿ ಒಡೆಯುವ ಸೌಕರ್ಯ ಈಗ ಇಂಥ ಸಾಧನಗಳಲ್ಲಿ ಸಾಮಾನ್ಯ. ಅದು ಉಪಯುಕ್ತವೇ. ಆದರೆ ಅಲ್ಲಿ ಯಾರು ಯಾರೊಡನೆ, ಎಷ್ಟು ನಿಮಿಷ ಎಂಬುದನ್ನು ನಿರ್ಧರಿಸುವವರು ಸಾಮಾನ್ಯವಾಗಿ ಸಭೆ ನಡೆಸುವವರೇ. ಡ್ರಿಲ್ ಮಾಸ್ತರರು “ಗುಟ್ಟು ಮಾತನಾಡಿ, ಒಂದು, ಎರಡು” ಎಂದಂತೆ. ಪಕ್ಕದ ಮಾತಿನ ಜೀವ ಇರುವುದು ಅದು ಅಪ್ಪಣೆಯಿಲ್ಲದೆ ಹುಟ್ಟುವುದರಲ್ಲಿ.

ತಾಲ್ಲೂಕು ಮಟ್ಟದಲ್ಲಿ ಮಾಡಬಹುದಾದುದು ಇದಕ್ಕಿಂತ ಸುಲಭ, ಖರ್ಚೂ ಕಡಮೆ. ಒಂದೊಂದು ಫೋನಿಗೆ ಒಬ್ಬೊಬ್ಬರನ್ನು ಕಟ್ಟಿಹಾಕುವ ಬದಲು ನಾಲ್ಕೈದು ಮಂದಿ ಒಂದು ಪರದೆಯ ಮುಂದೆ, ಅರ್ಧಚಂದ್ರಾಕಾರವಾಗಿ, ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ಕುಳಿತರೆ ಅರ್ಧ ಸಮಸ್ಯೆ ಅಲ್ಲಿಯೇ ಬಗೆಹರಿಯುತ್ತದೆ. ಹಾಗೆ ಕುಳಿತವರಿಗೆ “ಮ್ಯೂಟ್” ಗುಂಡಿ ಶತ್ರುವಲ್ಲ, ಮಿತ್ರ. ಒಂಟಿಯಾಗಿರುವವನ ಬಾಯಿ ಕಟ್ಟುವ ಅದೇ ಗುಂಡಿ, ಗುಂಪಿನಲ್ಲಿರುವವರಿಗೆ ಚಿತ್ರದುರ್ಗಕ್ಕೆ ಕೇಳಿಸದಂತೆ ಮನಬಿಚ್ಚಿ ಮಾತನಾಡುವ ಸ್ವಾತಂತ್ರ್ಯ ಕೊಡುತ್ತದೆ. ಪರದೆ ಮಾತ್ರ ನಡುನಡುವೆ ಐದಾರು ನಿಮಿಷ ಸುಮ್ಮನಿರಬೇಕು, ಹಳೆಯ ಮೈಸೂರು ಪಾಠಗಳಲ್ಲಿ ಇರುತ್ತಿದ್ದಂತೆ.

ಮಿಶ್ರಸಭೆಯಲ್ಲಿ ದೂರದವನಿಗೆ ಸಭಾಂಗಣದೊಳಗೆ ಒಬ್ಬ ಜೊತೆಗಾರನನ್ನು ಗೊತ್ತುಮಾಡಿಕೊಡುವುದು ಇನ್ನೊಂದು ಉಪಾಯ. ಹೊಸದುರ್ಗದಲ್ಲಿರುವವನ ಫೋನ್ ಚಿತ್ರದುರ್ಗದ ಸಭಾಂಗಣದಲ್ಲಿ ಕುಳಿತ ಒಬ್ಬನ ಫೋನಿನೊಡನೆ, ಮುಖ್ಯ ಪರದೆಯಿಂದ ಬೇರೆಯಾಗಿ, ಜೋಡಣೆಯಲ್ಲಿರಬೇಕು. “ಅಲ್ಲಿ ಎಲ್ಲರೂ ಯಾಕೆ ನಕ್ಕರು?” ಎಂದು ಕೇಳಲು ಒಂದು ಕಿವಿ ಬೇಕಲ್ಲ! ಹಿರಿಯೂರಿಗೂ ಹೊಳಲ್ಕೆರೆಗೂ ನಡುವೆ, ಜಿಲ್ಲಾ ಕೇಂದ್ರವನ್ನು ಮುಟ್ಟದೆ ಹೋಗುವ ಅಂಥದೇ ಒಂದು ಅಡ್ಡದಾರಿ ಇದ್ದರೆ ಇನ್ನೂ ಉತ್ತಮ. ಇದಕ್ಕೆ ಹೊಸ ಯಂತ್ರವೇನೂ ಬೇಕಾಗಿಲ್ಲ; ಸಭೆಯ ಸೂಚನಾಪತ್ರದಲ್ಲಿ ವಿಷಯಪಟ್ಟಿಯ ಕೆಳಗೆ ಯಾರಿಗೆ ಯಾರು ಜೊತೆ ಎಂದು ನಾಲ್ಕು ಹೆಸರು ಬರೆದರಾಯಿತು.

ಉಳಿದುದು ಮೊಗಸಾಲೆ. ಪರದೆಯ ಸಭೆ ಹತ್ತೂವರೆಗೆ ಎಂದರೆ ಹತ್ತೂವರೆಗೇ ತೆರೆಯುತ್ತದೆ. “ಧನ್ಯವಾದಗಳು” ಎಂದೊಡನೆ ಕಪ್ಪಾಗುತ್ತದೆ. ನಿಜವಾದ ಸಭೆ ಹತ್ತು ಗಂಟೆಗೆ ಮೆಟ್ಟಿಲ ಮೇಲೆ ಆರಂಭವಾಗಿ, ಮಧ್ಯಾಹ್ನ ಚಹಾದಂಗಡಿಯಲ್ಲಿ ಮುಗಿಯುತ್ತಿತ್ತು. ಅಧ್ಯಕ್ಷರು ತಮ್ಮ ಕೆಲಸಕ್ಕೆ ಎದ್ದುಹೋಗಲಿ. ನಡವಳಿ ಬರೆಯುವವರು ಪುಸ್ತಕ ಮುಚ್ಚಲಿ. ಸಂಪರ್ಕವನ್ನು ಮಾತ್ರ ಇನ್ನೊಂದು ಹದಿನೈದು ನಿಮಿಷ ಕತ್ತರಿಸದೆ ಬಿಟ್ಟಿರಲಿ. ಈ ಮಳೆಗಾಲಕ್ಕೆ ಮಾರಿಕಣಿವೆಯ ನೀರು ಎಲ್ಲಿಯವರೆಗೆ ಏರೀತೆಂದು ಹೊಸದುರ್ಗದವರನ್ನು ಕೇಳುವುದು ಹಿರಿಯೂರಿನವರಿಗೆ ಇರುತ್ತದೆ.